ಸಹಾಯ ಬೇಕು: ಮಗಳನ್ನು ಕ್ಲಿನಿಕಲ್ ಟ್ರಯಲ್‌ಗೆ (ಚಿಕಿತ್ಸೆಯ ಪ್ರಯೋಗಕ್ಕೆ) ಸೇರಿಸುವುದು ಹೇಗೆ?

ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ನಾವು ಹಾವೇರಿಯವರು. ಏಳು ವರ್ಷದ ಮಗಳಲ್ಲಿ ಆಗಲೇ ಮೈನೆರೆಯುವ ಲಕ್ಷಣಗಳು ಕಾಣಿಸಿಕೊಂಡಿವೆ. ಹೆಣ್ಣುಮಕ್ಕಳಲ್ಲಿ ಎಂಟು ತುಂಬುವ ಮೊದಲು ಹೀಗಾದರೆ ತಪಾಸಣೆ ಬೇಕೇ ಬೇಕು ಎಂದು ಹುಬ್ಬಳ್ಳಿಯ ಹಾರ್ಮೋನು ತಜ್ಞರು ಹೇಳಿದರು. ಎಡಗೈ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು (ಮೂಳೆ ಎಷ್ಟು ಬಲಿತಿದೆ ಎಂಬ ಅಂದಾಜು) ಹತ್ತು ಎಂದು ಬಂದಿದೆ. ಮೈನೆರೆಯುವುದನ್ನು ತಡೆಹಿಡಿಯುವ ಲ್ಯುಪ್ರೊಲೈಡ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡಿಸಬೇಕಂತೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೂಗುವ ನನಗೆ ಬೆಲೆ ಕೇಳಿಯೇ ಎದೆ ಧಸಕ್ಕೆಂದಿತು. (ಬ್ರಾಯ್ಲರ್ ಕೋಳಿಯೇ ಕಾರಣ ಎನ್ನುವವರು ದಯವಿಟ್ಟು ಸುಮ್ಮನಿರಿ, ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ.)

ಖರ್ಚು ತಗ್ಗೀತೆಂಬ ಆಸೆಯಿಂದ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ ಸಿಟಿಆರ್‌ಐ ಎಂಬ ಟ್ರಯಲ್‌ಗಳ ನೋಂದಣಿ ತಾಣದಲ್ಲಿ ಹುಡುಕಿದೆ, ಒಂದು ಟ್ರಯಲ್ ಸಿಕ್ಕಿತು. ವಯಸ್ಸಿನ ಮಿತಿ, ಆಸ್ಪತ್ರೆ, ನೈತಿಕ ಸಮಿತಿಯ ಒಪ್ಪಿಗೆ ಎಲ್ಲವೂ ಅಲ್ಲಿವೆ. ಆದರೆ ಸಂಪರ್ಕಕ್ಕೆ ಎರಡು ವಿಳಾಸ: ವೈಜ್ಞಾನಿಕ ಪ್ರಶ್ನೆಗೆ ಒಂದು, ಸಾರ್ವಜನಿಕ ಪ್ರಶ್ನೆಗೆ ಇನ್ನೊಂದು. ಎರಡಕ್ಕೂ ಇಮೇಲ್ ಕಳುಹಿಸಿದೆ, ಉತ್ತರವಿಲ್ಲ. ಮೇಲಾಗಿ, ಇದೇ ಚುಚ್ಚುಮದ್ದನ್ನು ಮೊದಲೇ ಪಡೆದ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಷರತ್ತು ಬೇರೆ. ಟ್ರಯಲ್‌ಗಾಗಿ ಕಾದರೆ ಮೂಳೆ ಕಾಯುವುದಿಲ್ಲ, ಚಿಕಿತ್ಸೆ ಶುರು ಮಾಡಿದರೆ ಆ ಬಾಗಿಲು ಮುಚ್ಚುತ್ತದೆ.

ಮಕ್ಕಳನ್ನು ಇಂಥ ಟ್ರಯಲ್‌ಗೆ ಸೇರಿಸಿದವರು ಇಲ್ಲಿದ್ದೀರಾ? ನೀವೇ ನೇರವಾಗಿ ಆಸ್ಪತ್ರೆಗೆ ಹೋದಿರೋ, ನಿಮ್ಮ ವೈದ್ಯರಿಂದ ಪತ್ರ ಬರೆಸಿಕೊಂಡಿರೋ? ಉತ್ತರ ಬರುವವರೆಗೆ ಚಿಕಿತ್ಸೆಯ ವಿಷಯದಲ್ಲಿ ಏನು ಮಾಡಿದಿರಿ?