ಯಮಹಾ ಪಿ-45ಗೆ ಹೊರಗಡೆ ಸ್ಪೀಕರ್ ಹಾಕೋದು ಹೇಗೆ? ಸೌಂಡ್ ತುಂಬಿ ಬರ್ತಿಲ್ಲ

ಕಪ್ಪುಬಿಳಿಮನೆ:
ಎಲ್ರಿಗೂ ನಮಸ್ಕಾರ. ಮನೇಲಿ ಪಿ-45 ಡಿಜಿಟಲ್ ಪಿಯಾನೋ ಇದೆ, ಮಗಳು ಟ್ರಿನಿಟಿ ಸಂಗೀತ ಪರೀಕ್ಷೆಯ ಗ್ರೇಡ್‌ಗೆ ಪ್ರಾಕ್ಟೀಸ್ ಮಾಡ್ತಾಳೆ, ರಾತ್ರಿ ನಾನೂ ಸ್ವಲ್ಪ ಕುಟ್ತೀನಿ. ಕೀ ಎಲ್ಲಾ ಚೆನ್ನಾಗಿದೆ ಆದ್ರೆ ಎಡಗೈ ಕೆಳಗಿನ ಸ್ವರಗಳಿಗೆ ಹೋದ್ರೆ ಸೌಂಡ್ ಡಬ್ಬದೊಳಗಿಂದ ಬಂದಂಗಿರುತ್ತೆ, ವಾಲ್ಯೂಮ್ ಏರಿಸಿದ್ರೆ ಜೋರಾಗುತ್ತೆ ಅಷ್ಟೇ, ದಪ್ಪ ಆಗಲ್ಲ. ಹಿಂದುಗಡೆ ನೋಡಿದ್ರೆ ಹೆಡ್‌ಫೋನ್ ತೂತು ಒಂದೇ ಇರೋದು, ಹೊರಗಿನ ಸ್ಪೀಕರ್ ಹಾಕೋಕಂತಲೇ ಇರೋ ಲೈನ್ ಔಟ್ ಇಲ್ಲ. ಟಿವಿ ಹತ್ರ ಹಳೇ 2.1 ಸೆಟ್ (ಎರಡು ಸ್ಪೀಕರ್, ಒಂದು ಬೇಸ್ ಸಬ್‌ವೂಫರ್) ಒಂದಿದೆ, ಬ್ಲೂಟೂತ್ ಸ್ಪೀಕರ್ ಒಂದಿದೆ. ಇದ್ರಲ್ಲೇ ಆಗುತ್ತಾ, ಹೊಸದು ತಗೋಬೇಕಾ? ಹೆಡ್‌ಫೋನ್ ತೂತಿಂದ ಸೌಂಡ್ ತೆಗೆದ್ರೆ ಪಿಯಾನೋಗೆ ಏನಾದ್ರೂ ಆಗಿಬಿಡುತ್ತಾ ಅಂತ ಭಯ ಬೇರೆ.

ತಂತಿವೈರು:
ಏನೂ ಆಗಲ್ಲ ಸರ್, ಧೈರ್ಯವಾಗಿ ಹಾಕಿ. ಪಿನ್ ಹಾಕಿದ ತಕ್ಷಣ ಒಳಗಿನ ಸ್ಪೀಕರ್ ಆಫ್ ಆಗುತ್ತೆ, ಗಾಬರಿ ಆಗ್ಬೇಡಿ.

ದುಡ್ಡು ಖರ್ಚು ಮಾಡೋ ಮುಂಚೆ ಒಂದ್ಸಲ ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ಅದೇ ಕೆಳಗಿನ ಸ್ವರಗಳನ್ನ ನುಡಿಸಿ ನೋಡಿ. ಅದ್ರಲ್ಲಿ ತುಂಬಿದಂಗೆ ಕೇಳಿಸಿದ್ರೆ ತೊಂದರೆ ಸ್ಪೀಕರ್‌ದು. ಅದ್ರಲ್ಲೂ ತೆಳ್ಳಗಿದ್ರೆ ಪಿಯಾನೋದ ಸೌಂಡೇ ಅಷ್ಟು, ಯಾವ ಸ್ಪೀಕರ್ ತಂದ್ರೂ ಪ್ರಯೋಜನ ಇಲ್ಲ. ನನ್ನ ಪ್ರಕಾರ ಚೆನ್ನಾಗೇ ಕೇಳಿಸುತ್ತೆ, ಯಾಕಂದ್ರೆ ಒಳಗಿರೋದು ಬರೀ 6 ವ್ಯಾಟ್‌ನ ಎರಡು ಆಂಪ್ (ಸ್ಪೀಕರ್‌ಗೆ ಶಕ್ತಿ ಕೊಡೋ ಭಾಗ), ಅದ್ರಲ್ಲಿ ಇನ್ನೆಷ್ಟು ಬೇಸ್ ಬರ್ಬೇಕು ಹೇಳಿ.

ಕೇಬಲ್ ವಿಷಯ ಮುಖ್ಯ. ಪಿಯಾನೋ ಕಡೆಗೆ 6.3 ಎಂಎಂ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಕವಲೊಡೆದು ಎರಡು ಮೋನೋ ಪಿನ್ ಇರೋ ವೈ ಕೇಬಲ್ ಬೇಕು. ಪಿನ್ ಮೇಲೆ ಕಪ್ಪು ಗೆರೆ ಎಣಿಸಿ, ಎರಡಿದ್ರೆ ಸ್ಟೀರಿಯೋ, ಒಂದಿದ್ರೆ ಮೋನೋ. ಗಿಟಾರ್ ಕೇಬಲ್ ಒಂದೇ ಗೆರೇದು, ಅದನ್ನ ಹಾಕಿದ್ರೆ ಒಂದು ಕಡೆ ಸೌಂಡ್ ಮಾತ್ರ ಬರುತ್ತೆ. ಬೆಂಗಳೂರಾದ್ರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಲ್ಲಿ ಸಿಗುತ್ತೆ.

ಧಾರವಾಡ ಪೇಡೆ:
ಬ್ಲೂಟೂತ್ ಮಾತ್ರ ಬ್ಯಾಡ್ರಿ. ಪಿ-45ಕ್ಕ ಬ್ಲೂಟೂತೇ ಇಲ್ಲ, ಟ್ರಾನ್ಸ್‌ಮಿಟರ್ ಹಚ್ಚಿದ್ರೂ ಕೀ ಒತ್ತಿ ಸೌಂಡ್ ಬರೂತನಕ ಸುಮಾರು 100-200 ಮಿಲಿಸೆಕೆಂಡ್ ಹಿಡೀತದ. ಹಾಡು ಕೇಳಾಕ ಗೊತ್ತಾಗೂದಿಲ್ಲ, ನುಡಿಸಾಕ ಕುಂತ್ರ ಬೆರಳು ಒಂದು ಕಡೆ ಕಿವಿ ಒಂದು ಕಡೆ, ಹುಡುಗಿ ತಾಳ ಕೆಟ್ಟು ಹೋಗ್ತದ ನೋಡ್ರಿ. ವೈರೇ ಬೇಕು.

2.1 ಸೆಟ್ ಹೆಂಗೂ ಮನ್ಯಾಗ ಅದ, ಮೊದ್ಲು ಅದನ್ನ ಹಚ್ಚಿ ನೋಡ್ರಿ. ಆದ್ರ ಸಿನಿಮಾಕ್ಕಂತ ಮಾಡಿದ್ದದು, ಒಂದು ಸ್ವರ ಧುಮ್ ಅಂತದ, ಬಾಜೂದ್ದು ಕೇಳೂದೇ ಇಲ್ಲ.

ಸ್ವರಲಿಪಿ:
ನಾನು ಮಕ್ಕಳಿಗೆ ಪಿಯಾನೋ ಹೇಳಿಕೊಡ್ತೀನಿ. ಒಂದು ಜೊತೆ ಪವರ್ಡ್ ಸ್ಟುಡಿಯೋ ಮಾನಿಟರ್ ತಗೊಳ್ಳಿ, ಅಂದ್ರೆ ಸೌಂಡ್ ಇದ್ದಂಗೇ ಕೇಳಿಸೋ ಸ್ಪೀಕರ್, ಆಂಪ್ ಅದರೊಳಗೇ ಇರುತ್ತೆ. ಬಜೆಟ್ ಕಮ್ಮಿ ಇದ್ರೆ ಪ್ರೀಸೋನಸ್ ಎರಿಸ್ 3.5 ಥರದ್ದು, ಇನ್ನೂ ಸ್ವಲ್ಪ ಹಾಕೋಕಾದ್ರೆ ಜೆಬಿಎಲ್ 305ಪಿ ಥರ 5 ಇಂಚಿಂದು. ಎಡಗೈಗೋಸ್ಕರ ತಗೋತಿರೋದಾದ್ರೆ ನಾನು 5 ಇಂಚಿಗೇ ಕಾಯ್ತೀನಿ. ಪಿಯಾನೋದ ಅತಿ ಕೆಳಗಿನ ಎ ಸ್ವರ 27.5 ಹರ್ಟ್ಝ್, 305ಪಿ ಇಳಿಯೋದು 43ರ ತನಕ, ಆದ್ರೂ ಸ್ವರ ಗೊತ್ತಾಗುತ್ತೆ, ಯಾಕಂದ್ರೆ ಪಿಯಾನೋದ ಕೆಳಗಿನ ತಂತಿಗಳಲ್ಲಿ ಮೇಲಿನ ಹಾರ್ಮೋನಿಕ್ಸೇ (ಮೂಲ ಸ್ವರದ ಜೊತೆ ಬರೋ ಎತ್ತರದ ಸ್ವರಗಳು) ಜೋರು, ಕೆಳಗಿಂದನ್ನ ನಮ್ಮ ಕಿವಿ ತಾನೇ ತುಂಬಿಕೊಳ್ಳುತ್ತೆ. ಸಬ್‌ವೂಫರ್ ಅಂತ ಹೋಗ್ಬೇಡಿ, ಅಪಾರ್ಟ್‌ಮೆಂಟ್ ಆದ್ರೆ ಕೆಳಗಿನ ಮನೆಯೋರು ಬಂದು ಬೆಲ್ ಮಾಡ್ತಾರೆ.

ಇಡೋದು ಹೇಗೆ ಅನ್ನೋದೇ ಅರ್ಧ ಕೆಲಸ. ಪಿಯಾನೋ ಮೇಲೆ ಇಡ್ಬೇಡಿ, ಪುಸ್ತಕದ ಸ್ಟ್ಯಾಂಡ್ ಗಡಗಡ ಅನ್ನುತ್ತೆ. ಕೂತಾಗ ಕಿವಿ ಮಟ್ಟಕ್ಕೆ ಬರೋ ಹಾಗೆ ಎರಡು ಬದೀಲಿ, ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ಗೋಡೆಗೆ ಒತ್ತಿ ಇಟ್ರೆ ಬೇಸ್ ಜಾಸ್ತಿ ಆಗಿ ಕಲಸಿಹೋಗುತ್ತೆ, ಅದ್ರಲ್ಲೂ ಮೂಲೆ ಬೇಡವೇ ಬೇಡ.

ಕಪ್ಪುಬಿಳಿಮನೆ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಹೆಡ್‌ಫೋನ್‌ನಲ್ಲಿ ನೋಡಿದೆ, ನಿಜವಾಗ್ಲೂ ಬೇರೇನೇ ಪಿಯಾನೋ ಇದು! 2.1ಗೂ ಹಾಕಿ ನೋಡಿದೆ, ಪೇಡೆಯವ್ರು ಹೇಳಿದಂಗೇ ಧುಮ್ ಧುಮ್. ಇನ್ನೊಂದು ಡೌಟು, ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಹಾಕಿದ್ರೆ ಗುಂಯ್ ಅಂತ ಬರ್ತಿದೆ. ಮಾನಿಟರ್ ತಂದ್ರೂ ಇದು ಇರುತ್ತಾ?

ತಂತಿವೈರು:
ಬಹುಶಃ ಗ್ರೌಂಡ್ ಲೂಪ್, ಅಂದ್ರೆ ಎರಡು ಸಾಧನಗಳ ಅರ್ಥ್ ದಾರಿ ಸೇರಿ ಸುತ್ತು ಆಗಿ ಬರೋ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ, ನಿಂತ್ರೆ ಅದೇ ಕಾರಣ. ಎಲ್ಲಾ ಪ್ಲಗ್ಗೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಆಗ್ಲೂ ಹೋಗಿಲ್ಲ ಅಂದ್ರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಿಗುತ್ತೆ. ಅರ್ಥ್ ಪಿನ್ ಮುರಿಯೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಶಾಕ್ ಹೊಡೆಯುತ್ತೆ.

ಸುಸ್ಸ್ ಅಂತ ಬಂದ್ರೆ ಅದು ಬೇರೆ, ಪಿಯಾನೋ ವಾಲ್ಯೂಮ್ ಅರ್ಧಕ್ಕಿಂತ ಮೇಲಿಟ್ಟು ಸ್ಪೀಕರ್‌ದು ಇಳಿಸಿ. ಆನ್ ಮಾಡುವಾಗ ಪಿಯಾನೋ ಮೊದಲು ಸ್ಪೀಕರ್ ಆಮೇಲೆ, ಆಫ್ ಮಾಡುವಾಗ ಸ್ಪೀಕರ್ ಮೊದಲು, ಇಲ್ಲಾಂದ್ರೆ ಟಪ್ ಅಂತ ಹೊಡೆಯುತ್ತೆ. ಮಗಳಿಗೂ ಹೇಳಿಡಿ.