ಎಡಿಎಚ್‌ಡಿ ಇರುವ ಮಗುವಿಗೆ ಬೇಸಿಗೆ ಶಿಬಿರ: ಸೇರಿಸುವ ಮೊದಲು ಏನೇನು ಕೇಳಬೇಕು?

ನಸುಕು (ಪ್ರಶ್ನೆ)

9 ವರ್ಷದ ಹುಡುಗ, ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಇದೆ. ಗಮನ ನಿಲ್ಲದಿರುವುದು, ಚಡಪಡಿಕೆ ಎರಡೂ ಇವೆ. ಅದಕ್ಕೆ ಬೆಳಿಗ್ಗೆ ಒಂದು ದೀರ್ಘಾವಧಿ (ನಿಧಾನವಾಗಿ ಬಿಡುಗಡೆಯಾಗುವ) ಮಿಥೈಲ್‌ಫೆನಿಡೇಟ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಾನೆ. ಮುಂದೆ ಎರಡು ಆಯ್ಕೆಗಳಿವೆ: 4 ವಾರದ ಹಗಲು ಶಿಬಿರ, ಅಥವಾ 10 ದಿನದ ವಸತಿ ಶಿಬಿರ. ಎರಡೂ ಕಡೆ ‘ಎಲ್ಲ ಮಕ್ಕಳಿಗೂ ಸ್ವಾಗತ’ ಎನ್ನುತ್ತಾರೆ. ಆ ಮಾತಿಗೆ ತಕ್ಕ ತಯಾರಿ ಅವರಲ್ಲಿ ಇದೆಯೋ ಇಲ್ಲವೋ ತಿಳಿಯಲು ಏನು ಕೇಳಬೇಕು? ಎಡಿಎಚ್‌ಡಿ ಇದೆ ಎಂದು ಮೊದಲೇ ಹೇಳಿಬಿಡಬೇಕೆ? ರಜೆಯಲ್ಲಿ ಮಾತ್ರೆ ನಿಲ್ಲಿಸಬಹುದೆ?

ಗಾಳಿಪಟ

ಚಟುವಟಿಕೆಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಈಜು, ಚಿತ್ರಕಲೆ, ಚಾರಣ ಎಲ್ಲ ಕಡೆಯೂ ಇರುತ್ತವೆ. ನೋಡಬೇಕಾದದ್ದು ಒಂದು ಚಟುವಟಿಕೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತನ್ನು. ಸಾಲಿನಲ್ಲಿ ನಿಲ್ಲುವಾಗ, ಬಟ್ಟೆ ಬದಲಿಸುವಾಗ, ಊಟಕ್ಕೆ ಕಾಯುವಾಗ, ಸಾಮಾನು ಜೋಡಿಸುವಾಗ ತಳ್ಳಾಟ, ಜಗಳ ಹುಟ್ಟುವುದು ಹೆಚ್ಚು. ಆಟದ ನಡುವೆ ಅಷ್ಟಿಲ್ಲ. ಕಾಯುವುದು ಈ ಮಕ್ಕಳಿಗೆ ನಿಜಕ್ಕೂ ಕಷ್ಟ. ಅದನ್ನು ಹಟ ಎಂದು ತಿಳಿಯುವ ಶಿಬಿರದಲ್ಲಿ ಮಗು ಮೂರನೇ ದಿನಕ್ಕೇ ‘ತುಂಟ’ ಎಂಬ ಹೆಸರು ಹೊತ್ತುಕೊಳ್ಳುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಹೀಗಿರಲಿ: “ಈಜು ಮುಗಿದು ಊಟಕ್ಕೆ ಹೋಗುವ ಅರ್ಧ ಗಂಟೆ ಹೇಗೆ ನಡೆಯುತ್ತದೆ, ಹೇಳಿ.” ತಯಾರಿ ಇರುವವರು ತಡವರಿಸದೆ ಹೇಳುತ್ತಾರೆ: ಮುಗಿಯಲು 10 ನಿಮಿಷ ಇರುವಾಗ ಒಮ್ಮೆ, 2 ನಿಮಿಷ ಇರುವಾಗ ಇನ್ನೊಮ್ಮೆ ಎಚ್ಚರಿಸುತ್ತೇವೆ, ದಿನದ ವೇಳಾಪಟ್ಟಿ ಚಿತ್ರಗಳ ಸಮೇತ ಗೋಡೆಯ ಮೇಲಿದೆ, ಸಾಲಿನ ಮುಂದೊಬ್ಬರು ಹಿಂದೊಬ್ಬರು ದೊಡ್ಡವರಿರುತ್ತಾರೆ, ಮೊದಲು ಬಟ್ಟೆ ಬದಲಿಸಿದ ಮಗುವಿಗೆ ಒಂದು ಕೆಲಸ ಕೊಡುತ್ತೇವೆ, ಹೀಗೆ. “ಮಕ್ಕಳೇ ಹೊಂದಿಕೊಳ್ಳುತ್ತಾರೆ” ಎಂಬ ಉತ್ತರ ಬಂದರೆ ತಯಾರಿ ಇಲ್ಲ ಎಂದೇ ಅರ್ಥ.

ಎರಡನೆಯದು, ಎಷ್ಟು ಮಕ್ಕಳಿಗೆ ಎಷ್ಟು ಜನ. ಒಟ್ಟು ಸಿಬ್ಬಂದಿಯ ಲೆಕ್ಕ ಬೇಡ, ಅದರಲ್ಲಿ ಅಡುಗೆಯವರೂ ಕಚೇರಿಯವರೂ ಸೇರಿರುತ್ತಾರೆ. ಮೈದಾನದಲ್ಲಿ ಮಗುವಿನ ಗುಂಪಿನ ಜೊತೆ ಎಷ್ಟು ಜನ ಇರುತ್ತಾರೆ ಎಂದು ಕೇಳಿ. ಮೂರ್ನಾಲ್ಕು ಮಕ್ಕಳಿಗೆ ಒಬ್ಬರಿದ್ದರೆ ಚೆನ್ನಾಗಿ ನಡೆಯುತ್ತದೆ. ಹತ್ತಕ್ಕೊಬ್ಬರಾದರೆ ಎಷ್ಟು ಒಳ್ಳೆಯ ಮನಸ್ಸಿದ್ದರೂ ಕೈ ಸಾಲದು. ನೀರಿನ ಹತ್ತಿರ ಇದು ಇನ್ನೂ ಮುಖ್ಯ. ಯೋಚಿಸುವ ಮೊದಲೇ ಜಿಗಿಯುವ ಮಗುವಿಗೆ ನಿಯಮ ಬಾಯಿಪಾಠವಾಗಿದ್ದರೂ ಆ ಕ್ಷಣಕ್ಕೆ ನೆನಪಾಗುವುದಿಲ್ಲ. ಅಲ್ಲಿ ಕಣ್ಣು ಕೀಳದ ಒಬ್ಬರು ಇರಲೇಬೇಕು.

ಮೂರನೆಯದು, ಔಟಾದವರು ಹೊರಗೆ ಕೂರುವ ಆಟಗಳು. ಬೇಗ ಔಟಾಗುವುದು ಹೆಚ್ಚಾಗಿ ಇದೇ ಮಗು, ಉಳಿದ 20 ನಿಮಿಷ ಅದಕ್ಕೆ ಕೆಲಸವೇ ಇಲ್ಲ. ಔಟಾದವರು ಮರುಸೇರುವ ಆಟ ಆಡಿಸುತ್ತೀರಾ ಎಂದು ಕೇಳಿ ನೋಡಿ. ಚೆಂಡು ಬಾರದ ಮೂಲೆಯಲ್ಲಿ ನಿಲ್ಲಿಸಿದರೂ ಇದೇ ಪಾಡು.

ಕೊನೆಗೆ, ಯಾವ ಸಂದರ್ಭದಲ್ಲಿ ಮಗುವನ್ನು ಮನೆಗೆ ಕಳಿಸುತ್ತಾರೆ, ಅದಕ್ಕೂ ಮೊದಲು ಏನೇನು ಮಾಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಇದನ್ನು ಹಣ ಕಟ್ಟುವ ಮೊದಲೇ ಮಾಡಿ.

ಕಾಗದದ ದೋಣಿ

ಗಾಳಿಪಟ ಅವರ ಮಾತಿಗೆ ಒಂದು ಸೇರಿಕೆ. ಈ ಬಗೆಯ ಶಿಬಿರಕ್ಕೆ ಅಳತೆಗೋಲು ಬೇಕಿದ್ದರೆ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೆಲ್ಹಾಮ್ 1980ರಲ್ಲಿ ಶುರು ಮಾಡಿದ ಬೇಸಿಗೆ ಚಿಕಿತ್ಸಾ ಕಾರ್ಯಕ್ರಮವಿದೆ. ಒಂದೇ ವಯಸ್ಸಿನ ಹನ್ನೆರಡು ಚಿಲ್ಲರೆ ಮಕ್ಕಳ ಗುಂಪು, ವಾರಕ್ಕೆ ಐದು ಹಗಲು, ಹಲವು ವಾರ. ದಿನದಲ್ಲಿ ಸ್ವಲ್ಪ ಹೊತ್ತು ತರಗತಿ, ಉಳಿದದ್ದು ಆಟ. ಆಟ ಅಂದರೆ ಮೈದಾನಕ್ಕೆ ಬಿಟ್ಟುಬಿಡುವುದಲ್ಲ. ಆಟದ ನಿಯಮ, ಚೆಂಡು ಹಿಡಿಯುವ ಕೈಚಳಕ, ಸೋತಾಗ ಏನು ಹೇಳಬೇಕು ಎಂಬುದನ್ನೂ ಕಲಿಸುತ್ತಾರೆ. ಆಟ ಬಾರದ ಮಗುವನ್ನು ಉಳಿದ ಮಕ್ಕಳು ಸೇರಿಸಿಕೊಳ್ಳುವುದು ಕಡಿಮೆ, ಅದಕ್ಕೇ ಇಷ್ಟು ಒತ್ತು. 1999ರಲ್ಲಿ ಪ್ರಕಟವಾದ, ಎಡಿಎಚ್‌ಡಿ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ, 579 ಮಕ್ಕಳನ್ನು ಒಳಗೊಂಡ ಎಂಟಿಎ ಅಧ್ಯಯನದ ನಡವಳಿಕೆ ಚಿಕಿತ್ಸೆಯಲ್ಲೂ ಈ ಶಿಬಿರ ಒಂದು ಭಾಗವಾಗಿತ್ತು.

ಅಲ್ಲಿನ ಬೆನ್ನೆಲುಬು ಅಂಕ ಪದ್ಧತಿ: ಒಳ್ಳೆಯ ನಡವಳಿಕೆಗೆ ಅಂಕ ಸಿಗುತ್ತದೆ, ತಪ್ಪಿದರೆ ಕಳೆಯುತ್ತದೆ. ಸಾಮಾನ್ಯ ಶಿಬಿರಗಳೂ ಇದನ್ನು ನಕಲು ಮಾಡುತ್ತವೆ, ಕೆಡಿಸುವುದೂ ಇಲ್ಲೇ. ‘ವಾರವೆಲ್ಲ ಚೆನ್ನಾಗಿದ್ದರೆ ಶುಕ್ರವಾರ ಬಹುಮಾನ’ ಎಂದರೆ ಈ ಮಗುವಿಗೆ ಶುಕ್ರವಾರ ಎಂಬುದು ಲೆಕ್ಕಕ್ಕೇ ಇಲ್ಲ. ಮೆಚ್ಚುಗೆ ಆ ಕ್ಷಣದಲ್ಲೇ ಬರಬೇಕು, ಯಾವುದಕ್ಕೆ ಎಂಬುದೂ ಜೊತೆಗಿರಬೇಕು. ಬರೀ ‘ಶಹಭಾಸ್’ ಸಾಲದು, ‘ನಿನ್ನ ಸರದಿಗೆ ಕಾದೆಯಲ್ಲ, ಒಂದು ಅಂಕ’ ಎನ್ನಬೇಕು. ಬಹುಮಾನ ದಿನಕ್ಕೊಮ್ಮೆಯಾದರೂ ಕೈಗೆ ಸಿಗಬೇಕು. ಗುರಿ ಮೂರಕ್ಕಿಂತ ಹೆಚ್ಚು ಬೇಡ, ಕಣ್ಣಿಗೆ ಕಂಡು ಎಣಿಸುವಂತಿರಲಿ. ‘ಒಳ್ಳೆಯ ಹುಡುಗನಾಗಿರು’ ಎಂಬುದು ಗುರಿಯಲ್ಲ. ‘ಕರೆದಾಗ ಎರಡನೇ ಕರೆಯೊಳಗೆ ಬರುವುದು’ ಎಂಬುದು ಗುರಿ. ಮೊದಲ ಎರಡು ದಿನ ಸುಲಭವಾಗಿ ಮುಟ್ಟುವಷ್ಟೇ ಇಟ್ಟು ಆಮೇಲೆ ಏರಿಸಬೇಕು. ಬೆಳಿಗ್ಗೆ ಹತ್ತಕ್ಕೇ ಅಂಕವೆಲ್ಲ ಕಳೆದುಕೊಂಡ ಮಗುವಿಗೆ ಸಂಜೆವರೆಗೆ ಸರಿಯಾಗಿರಲು ಕಾರಣವೇ ಉಳಿಯುವುದಿಲ್ಲ.

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಬೇಕು. ಶಿಬಿರದಲ್ಲಿ ಕಂಡ ಸುಧಾರಣೆ ತಾನಾಗಿಯೇ ಮನೆಗೆ ನಡೆದು ಬರುವುದಿಲ್ಲ. ಅಂಕ, ಮೆಚ್ಚುಗೆ, ವೇಳಾಪಟ್ಟಿ ನಿಂತರೆ ಅದರ ಪರಿಣಾಮವೂ ಕರಗುತ್ತದೆ. ಅದಕ್ಕೇ ಆ ಕಾರ್ಯಕ್ರಮದಲ್ಲಿ ಪೋಷಕರಿಗೂ ವಾರವಾರ ತರಬೇತಿ ಇರುತ್ತದೆ, ಮಗುವಿನ ಕೈಯಲ್ಲಿ ದಿನವೂ ಒಂದು ವರದಿ ಚೀಟಿ ಮನೆಗೆ ಬರುತ್ತದೆ. ನಿಮ್ಮ ಎರಡು ಆಯ್ಕೆಗಳಲ್ಲಿ ದಿನದ ವರದಿ ಕೊಡುವವರು ಯಾರಾದರೂ ಇದ್ದರೆ ನನ್ನ ಮತ ಅವರಿಗೇ. ಮೊದಲ ಬಾರಿಗೆ ಕಳಿಸುವುದಾದರೆ ಹಗಲು ಶಿಬಿರವೇ ಮೇಲು. ತಪ್ಪಿದ್ದನ್ನು ಮರುದಿನವೇ ತಿದ್ದಬಹುದು.

ಇಬ್ಬನಿ

ಔಷಧದ ಬಗ್ಗೆ. ರಜೆ ಬಂತೆಂದು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರೊಂದಿಗೆ ಮಾತಾಡಿ. ಕೆಲವು ಮಕ್ಕಳಿಗೆ ರಜೆಯಲ್ಲಿ ಬಿಡುವು ಕೊಡುವುದುಂಟು, ನಿಜ. ಆದರೆ ಶಿಬಿರ ಅಂದರೆ ಹೊಸ ಜಾಗ, ಹೊಸ ಮುಖಗಳು, ನೀರು, ಎತ್ತರ. ಬಿಡುವಿಗೆ ಅದು ಒಳ್ಳೆಯ ಹೊತ್ತಲ್ಲ. ಹೊಸ ಔಷಧ ಶುರು ಮಾಡಲು, ಪ್ರಮಾಣ ಬದಲಿಸಲು ಕೂಡ ಅಲ್ಲ. ಓದುವ ಇತರರ ಗಮನಕ್ಕೆ, ಎಡಿಎಚ್‌ಡಿಗೆ ಕೊಡುವ ಬೇರೆ ಔಷಧಗಳ ಬಗ್ಗೆ: ಕ್ಲೋನಿಡಿನ್ ಅಥವಾ ಗ್ವಾನ್‌ಫಸಿನ್ ತೆಗೆದುಕೊಳ್ಳುವ ಮಗುವಿಗೆ ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏರಬಹುದು. ಆಟೊಮಾಕ್ಸೆಟಿನ್ ಪೂರ್ತಿ ಹಿಡಿತಕ್ಕೆ ಬರಲು ವಾರಗಳೇ ಬೇಕು, ದಿನ ಬಿಟ್ಟು ದಿನ ಕೊಡುವ ಔಷಧವಲ್ಲ ಅದು.

ಗಡಿಯಾರ ಹಿಡಿದು ಲೆಕ್ಕ ಹಾಕಿ. ದೀರ್ಘಾವಧಿ ಮಿಥೈಲ್‌ಫೆನಿಡೇಟ್‌ನಲ್ಲಿ ಹಲವು ಬಗೆಗಳಿವೆ, ಸುಮಾರು 8ರಿಂದ 12 ಗಂಟೆ ಕೆಲಸ ಮಾಡುತ್ತವೆ. ನಿಮ್ಮದು 8 ಗಂಟೆಯದ್ದಾಗಿದ್ದು ಬೆಳಿಗ್ಗೆ 7ಕ್ಕೆ ಕೊಟ್ಟರೆ 3ರ ಹೊತ್ತಿಗೆ ಇಳಿಯುತ್ತದೆ. ಇಳಿಯುವ ಹೊತ್ತಿನಲ್ಲಿ ಕೆಲವು ಮಕ್ಕಳಿಗೆ ಸಿಡುಕು, ಅಳು ಬರುತ್ತದೆ. ಈಜು, ಹತ್ತುವ ಆಟ ಬೆಳಿಗ್ಗೆಯೇ ಇದ್ದರೆ ಒಳ್ಳೆಯದು, ಆ ಇಳಿಹೊತ್ತಿಗೆ ನಿಶ್ಶಬ್ದದ ಕೆಲಸ ಇರಲಿ. ವಸತಿ ಶಿಬಿರದ ರಾತ್ರಿ ಕಾರ್ಯಕ್ರಮ ಔಷಧವಿಲ್ಲದ ಹೊತ್ತಿನಲ್ಲೇ ನಡೆಯುತ್ತದೆ, ಅದು ಮೇಲ್ವಿಚಾರಕರಿಗೆ ಗೊತ್ತಿರಬೇಕು. ಹಾಗೆಂದು ಸಂಜೆ ಕೊಟ್ಟರೆ ನಿದ್ದೆ ಕೆಡುತ್ತದೆ.

ಮಧ್ಯಾಹ್ನ ಹಸಿವು ಸಾಯುತ್ತದೆ. ತಟ್ಟೆ ಖಾಲಿ ಮಾಡಲೇಬೇಕೆಂಬ ಒತ್ತಾಯ ಬೇಡ ಎಂದು ಬರೆದು ಕೊಡಿ. ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ, ಸಂಜೆ ಹಸಿವು ಮರಳಿದಾಗ ಇನ್ನೊಮ್ಮೆ ಊಟ. ಆಟದ ಗುಂಗಿನಲ್ಲಿ ನೀರು ಕುಡಿಯುವುದನ್ನೂ ಮರೆಯುತ್ತಾರೆ, ಬಿಸಿಲಿನಲ್ಲಿ ಪ್ರತಿ ಚಟುವಟಿಕೆಯ ಕೊನೆಗೂ ನೆನಪಿಸಬೇಕು.

ಮಾತ್ರೆಗಳು ಮೂಲ ಡಬ್ಬಿಯಲ್ಲೇ ಇರಲಿ, ವೈದ್ಯರ ಚೀಟಿಯ ಪ್ರತಿ ಜೊತೆಗಿರಲಿ, ಎಣಿಸಿ ದೊಡ್ಡವರ ಕೈಗೇ ಕೊಡಿ, ಮಗುವಿನ ಚೀಲದಲ್ಲಿ ಇಡಬೇಡಿ. ಬೀಗದೊಳಗಿಟ್ಟು, ಕೊಟ್ಟ ಹೊತ್ತನ್ನು ಬರೆದು ಸಹಿ ಹಾಕುವವರು ಯಾರು ಎಂದು ಹೆಸರು ಹಿಡಿದು ಕೇಳಿ. ಕ್ಯಾಪ್ಸೂಲ್ ನುಂಗದ ಮಗುವಾದರೆ ಅದನ್ನು ಬಿಚ್ಚಿ ಕೊಡಬಹುದೇ ಎಂದು ಔಷಧ ಅಂಗಡಿಯಲ್ಲಿ ವಿಚಾರಿಸಿ. ಕೆಲವನ್ನು ಬಿಚ್ಚಿ ಉದುರಿಸಬಹುದು, ಯಾವುದನ್ನೂ ಜಜ್ಜಬಾರದು. ಜಜ್ಜಿದರೆ ದಿನದ ಪ್ರಮಾಣ ಒಮ್ಮೆಲೇ ಮೈಸೇರುತ್ತದೆ.

ನಸುಕು

ಮೂವರಿಗೂ ತುಂಬ ಧನ್ಯವಾದ. ಹಗಲು ಶಿಬಿರದ ಕಡೆಗೇ ಮನಸ್ಸು ವಾಲಿದೆ. ಎಡಿಎಚ್‌ಡಿ ವಿಷಯ ಹೇಗೆ ತಿಳಿಸಲಿ? ಹೆಸರು ಕೇಳಿದೊಡನೆ ಬೇಡ ಎನ್ನಬಹುದು ಎಂಬ ಅಳುಕಿದೆ.

ಗಾಳಿಪಟ

ಹೇಳಿಯೇ ಬಿಡಿ. ಬೇಡ ಎನ್ನುವವರಾದರೆ ಹಣ ಕಟ್ಟುವ ಮೊದಲೇ ಅನ್ನಲಿ. ಮುಚ್ಚಿಟ್ಟರೆ ಮೊದಲ ಗಲಾಟೆಯ ದಿನ ಮಗುವಿನ ಪರ ಮಾತಾಡಲು ಯಾರ ಬಳಿಯೂ ಮಾಹಿತಿ ಇರುವುದಿಲ್ಲ.

ವೈದ್ಯಕೀಯ ಕಡತ ಕೊಟ್ಟರೆ ಯಾರೂ ಓದುವುದಿಲ್ಲ. ಒಂದೇ ಹಾಳೆ ಸಾಕು. ಮೊದಲ ಸಾಲಿನಲ್ಲಿ ಅವನಿಗೆ ಏನು ಚೆನ್ನಾಗಿ ಬರುತ್ತದೆ ಎಂದು ಬರೆಯಿರಿ. ಆಮೇಲೆ ಸಿಟ್ಟಿಗೆ ಮೊದಲು ಕಾಣುವ ಲಕ್ಷಣ (ದನಿ ಏರುವುದು, ಕಿವಿ ಮುಚ್ಚಿಕೊಳ್ಳುವುದು, ನಿಮಗೆ ಗೊತ್ತಿರುವುದೇ), ಆಗ ಏನು ಮಾಡಿದರೆ ತಣಿಯುತ್ತಾನೆ, ಏನು ಮಾಡಿದರೆ ಕೆರಳುತ್ತಾನೆ. ‘ಎಲ್ಲರೆದುರು ಗದರಿದರೆ ಕೆರಳುತ್ತಾನೆ, ಪಕ್ಕಕ್ಕೆ ಕರೆದು ಎರಡು ಮಾತಿನಲ್ಲಿ ಹೇಳಿದರೆ ಕೇಳುತ್ತಾನೆ’ ಎಂಬಷ್ಟು ನಿಖರವಾಗಿರಲಿ. ಒಮ್ಮೆಗೆ ಒಂದೇ ಸೂಚನೆ, ಅದನ್ನು ಅವನ ಬಾಯಿಂದ ಮತ್ತೆ ಹೇಳಿಸುವುದು, ಇದನ್ನು ಅಡಿಗೆರೆ ಎಳೆದು ಬರೆಯಿರಿ. ಹಾಳೆಯನ್ನು ಮುಖ್ಯಸ್ಥರಿಗೆ ಕೊಟ್ಟು ಸುಮ್ಮನಾಗಬೇಡಿ, ಅವನ ಗುಂಪಿನ ಮೇಲ್ವಿಚಾರಕರ ಕೈಗೇ ಕೊಡಿ, ಮೂರನೇ ದಿನ ಸಂಜೆ ಅವರೊಂದಿಗೆ 10 ನಿಮಿಷ ಮಾತಾಡುವುದನ್ನು ಈಗಲೇ ನಿಗದಿ ಮಾಡಿಕೊಳ್ಳಿ.

ಮತ್ತೊಂದು: ಶುರುವಾಗುವ ಮುನ್ನಾ ದಿನ ಜನರಿಲ್ಲದಾಗ ಅವನನ್ನು ಅಲ್ಲಿಗೆ ಕರೆದೊಯ್ದು ಶೌಚಾಲಯ, ನೀರು, ಚೀಲ ಇಡುವ ಜಾಗ, ತಲೆ ಬಿಸಿಯಾದರೆ ಹೋಗಿ ಕೂರಬಹುದಾದ ಮೂಲೆ, ಈ ನಾಲ್ಕನ್ನು ತೋರಿಸಿ ಬನ್ನಿ. ಆ ಮೂಲೆ ಶಿಕ್ಷೆಯ ಜಾಗ ಅಲ್ಲ ಎಂಬುದನ್ನು ಮೇಲ್ವಿಚಾರಕರೇ ಅವನಿಗೆ ಹೇಳಲಿ.