ಅಪ್‌ಡೇಟ್: ಸಮುದ್ರದ ನೀರೆಳೆಯುವ ಪೈಪ್ ಕಟ್ಟಿಕೊಂಡಿದ್ದು

ಮಂಗಳೂರು ಕಡೆಯ ನಮ್ಮ ಸಣ್ಣ ಘಟಕದಲ್ಲಿ (ಸಮುದ್ರದ ನೀರನ್ನು ಸಿಹಿನೀರು ಮಾಡುವಂಥದ್ದು) ಸಮುದ್ರದ ನೀರು ಸಾಲುತ್ತಿಲ್ಲ, ಪೈಪಿನ ಬಾಯಿಯ ಜಾಲರಿಗೆ ಮೀನುಮರಿ ಅಂಟುತ್ತಿವೆ ಅಂತ ಕೇಳಿದ್ದೆನಲ್ಲ? ಎರಡೂ ಸರಿಹೋಯಿತು.

ಮೊದಲು ಪೈಪಿನ ಬದಲು ದಡದಲ್ಲಿ ಬಾವಿ ತೋಡಿ ನೋಡಿದೆವು, ಬೇಕಾದಷ್ಟು ನೀರು ಬರಲಿಲ್ಲ. ತೂತು ಅಲ್ಲ, ಇಡೀ ಜಾಲರಿಯನ್ನೇ ದೊಡ್ಡದು ಮಾಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಹಾಗೆ ಮಾಡಿದ ಮೇಲೆ ಜಾಲರಿಯೊಳಗೆ ನುಗ್ಗುವ ನೀರಿನ ವೇಗ ಸೆಕೆಂಡಿಗೆ 0.15 ಮೀಟರ್‌ಗಿಂತ ಕಡಿಮೆಯಾಯಿತು, ಮರಿಗಳು ಈಜಿ ತಪ್ಪಿಸಿಕೊಳ್ಳುತ್ತಿವೆ.

ನೀರು ಸಾಲದಿದ್ದಕ್ಕೆ ಕಾರಣ ಪಚ್ಚಿಲೆ (ಅಂಟಿಕೊಂಡು ಬೆಳೆಯುವ ಚಿಪ್ಪುಜೀವಿ)! ಪೈಪಿನೊಳಗಿಂದ ಡೈವರ್ ಗೊಂಚಲು ಗೊಂಚಲಾಗಿ ಹೊರತಂದರು, ಬೆರಳುದ್ದದ ಹಸಿರು ಚಿಪ್ಪುಗಳು. ಇಂಥವು ಅಂಟದಿರಲಿ ಅಂತ ನಾವು ಆಗಾಗ ಕ್ಲೋರಿನ್ ಬಿಡುತ್ತಿದ್ದೆವು. ಅದು ತಾಗಿದ ಕೂಡಲೇ ಅವು ಚಿಪ್ಪು ಮುಚ್ಚಿ ಸುಮ್ನೆ ಕೂರುತ್ತವೆ, ಇದು ಗೊತ್ತೇ ಇರಲಿಲ್ಲ. ಈಗ ಎಲ್ಲ ಕೆರೆಸಿ, ಕ್ಲೋರಿನ್ ಅನ್ನು ಸ್ವಲ್ಪ ಸ್ವಲ್ಪವೇ, ನಡುವೆ ನಿಲ್ಲಿಸದೆ ಹಾಕುತ್ತಿದ್ದೇವೆ. ಹೊಸದಾಗಿ ಅಂಟಿಲ್ಲ. ಆದರೆ ನೀರು, ಉಪ್ಪು ಸೋಸುವ ಪೊರೆಯಾದ ಆರ್‌ಓ ಮೆಂಬ್ರೇನ್‌ಗೆ ಹೋಗುವ ಮೊದಲು ಕ್ಲೋರಿನ್ ತೆಗೆಯಲೇಬೇಕು, ಇಲ್ಲದಿದ್ದರೆ ಆ ಪೊರೆ ಹಾಳಾಗುತ್ತದೆ.